ಸರ್, ನಿಮ್ಮ ವಿಷಯದ ಬೆಲೆ ನಮ್ಮ ಕೇರಿಯಲ್ಲಿ ಎಷ್ಟು?

ಜೂನ್ ತಿಂಗಳ ಮೊದಲ ವಾರ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕಿನ ಯಾವ ಹೈಸ್ಕೂಲಿಗಾದರೂ ಹೋಗಿ ಎಂಟನೆಯ ಇಯತ್ತೆಯ ಕಿಡಕಿಯ ಹೊರಗೆ ನಿಂತು ಕೇಳಿರಿ. ಒಬ್ಬೊಬ್ಬರೇ ಮಾಸ್ತರು ಒಳಗೆ ಬರುತ್ತಾರೆ. ತಮ್ಮ ಹೆಸರು, ಊರು, ಡಿಗ್ರಿ ಹೇಳುತ್ತಾರೆ. ಆಮೇಲೆ ತಮ್ಮ ವಿಷಯದ ಮಹತ್ವ ಶುರುವಾಗುತ್ತದೆ. "ಗಣಿತ ಇಲ್ಲಂದ್ರ ಜಗತ್ತs ಇಲ್ಲ" ಅಂತಾರೆ ಗಣಿತದವರು. "ವಿಜ್ಞಾನ ಇಲ್ಲಂದ್ರ ನೀವು ಇನ್ನೂ ಗವಿಯೊಳಗ ಇರತಿದ್ರಿ" ಅಂತಾರೆ ವಿಜ್ಞಾನದ ಅಕ್ಕೋರು. "ಇಂಗ್ಲಿಷ್ ಬಂತಂದ್ರ ಎಲ್ಲಿ ಹೋದ್ರೂ ಬದುಕತೀರಿ" ಅಂತಾರೆ ಇಂಗ್ಲಿಷಿನವರು. ಕನ್ನಡದವರು ಎಂಟು ಜ್ಞಾನಪೀಠ ಎಣಿಸುತ್ತಾರೆ. ಸಮಾಜದವರು ಕಿತ್ತೂರಿನ ಕೋಟೆಯ ಕಡೆ ಕೈ ಮಾಡುತ್ತಾರೆ. ಪಿ.ಟಿ. ಸರ್ ಸೀಟಿ ಊದಿ "ಮೈ ಗಟ್ಟಿ ಇದ್ರ ಎಲ್ಲಾ ಗಟ್ಟಿ" ಅಂತಾರೆ.

ಎಲ್ಲಾ ಖರೆ. ಒಂದೂ ಸುಳ್ಳಲ್ಲ. ಆದರೆ ಒಂದು ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಈ ಮಹತ್ವ ಯಾರಿಗೆ? ಹಿಂದಿನ ಸಾಲಿನಲ್ಲಿ ಮುದುಡಿ ಕುಳಿತ ಕೇರಿಯ ಹುಡುಗನಿಗೆ, ಹುಡುಗಿಗೆ ನಿಮ್ಮ ವಿಷಯ ಇವತ್ತು ಸಂಜೆ ಮನೆಗೆ ಒಯ್ಯಲಿಕ್ಕೆ ಏನು ಕೊಡುತ್ತದೆ? ಇದನ್ನು ಮಾಸ್ತರರ ಮುಂದೆ ಇಡಬೇಕೆಂದೇ ಈ ನಾಲ್ಕು ಮಾತು.

ಬೆಲೆ ಇಲ್ಲದ ವಸ್ತುವಿಗೆ ಯಾರೂ ಕೀಲಿ ಹಾಕುವುದಿಲ್ಲ. ವಿದ್ಯೆಗೆ ಹಾಕಿದ್ದರು. ಕಿತ್ತೂರಿನಲ್ಲಿ ಬಸ್ಸು ಹತ್ತಿದರೆ ತಾಸಿನ ದಾರಿ ಧಾರವಾಡ. ಅಲ್ಲಿಯ ಸರಕಾರಿ ಶಾಲೆಗೆ 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ ಹುಡುಗ ಅರ್ಜಿ ಹಾಕಿದ. ಇದೇ ಜೂನ್ ತಿಂಗಳು ನೋಡಿರಿ. ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನೆ ಮನೆಗೆ ಹೋಗಲಿಲ್ಲ, ಮುಂಬಯಿ ಸರಕಾರಕ್ಕೇ ಬರೆದುಕೊಂಡ. ಇವನೊಬ್ಬನ ಸಲುವಾಗಿ ಶಾಲೆಯೇ ಉಳಿದವರಿಗೆ ಬ್ಯಾಡಾಗಿ ಹೋದೀತು ಎಂದು ಸರಕಾರವೂ ಕೈ ಎತ್ತಿತು. ಸರಕಾರಿ ಶಾಲೆ ಎಲ್ಲ ಜಾತಿಯವರಿಗೂ ತೆರೆದದ್ದು ಎಂದು ಕಂಪನಿಯ ಲಂಡನ್ನಿನ ದೊರೆಗಳು ಹೇಳುವಾಗ 1858 ಬಂದಿತ್ತು. ಅವರು ಹೇಳಿದರು, ಇಲ್ಲಿಯವರು ಕೇಳಲಿಲ್ಲ. 1881-82ರ ಲೆಕ್ಕ ನೋಡಿರಿ. ಇಡೀ ಮುಂಬಯಿ ಪ್ರಾಂತದ ಮಾಧ್ಯಮಿಕ ಶಾಲೆಗಳಲ್ಲಿ ಕೆಳಜಾತಿ ಎಂದು ಬರೆಸಿದ ಮಕ್ಕಳು 17. ಹೈಸ್ಕೂಲಿನಲ್ಲಿ ಸೊನ್ನೆ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ಅಂದರೆ ಆ ಸೊನ್ನೆಯಲ್ಲಿ ಬೈಲಹೊಂಗಲದ ಕೇರಿಯೂ ಇದೆ, ಸವದತ್ತಿಯ ಕೇರಿಯೂ ಇದೆ. 1928ರಲ್ಲಿ ಬಾಬಾಸಾಹೇಬರು ಸೈಮನ್ ಕಮಿಷನ್ನಿನ ಮುಂದೆ ಧಾರವಾಡದ ಆ ಹುಡುಗನ ಕತೆಯನ್ನೂ ಈ ಸೊನ್ನೆಯನ್ನೂ ಎತ್ತಿ ಹಿಡಿದರು.

ಬಾಬಾಸಾಹೇಬರ ಪಾಡು ಬೇರೆ ಇತ್ತೇ? ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಬೇಕಾಗಿತ್ತು. ಅಸ್ಪೃಶ್ಯನಿಗೆ ಸಂಸ್ಕೃತ ಕೊಡಲಿಲ್ಲ. ಪಾರ್ಸಿ ಭಾಷೆ ತೆಗೆದುಕೊಳ್ಳಬೇಕಾಯಿತು. ಮುಂದೆ ಸ್ವಂತ ಶ್ರಮದಿಂದ ಸಂಸ್ಕೃತ ಕಲಿತು, ಯಾವ ಗ್ರಂಥಗಳನ್ನು ಅವರಿಂದ ಮುಚ್ಚಿಟ್ಟಿದ್ದರೋ ಅವೇ ಗ್ರಂಥಗಳನ್ನು ಬಿಡಿಸಿ ಜಗತ್ತಿಗೆ ತೋರಿಸಿದರು. ಆದುದರಿಂದ ಮಾಸ್ತರರೆ, ನಿಮ್ಮ ವಿಷಯದ ಮಹತ್ವ ಹೇಳುವುದಾದರೆ ಇದನ್ನೂ ಕೂಡಿಸಿ ಹೇಳಿರಿ: ಇದನ್ನು ಯಾರ ಕೈಯಿಂದ ಕಸಿದಿದ್ದರು, ಯಾಕೆ ಕಸಿದಿದ್ದರು. ಕಸಿದವರಿಗೆ ಅದರ ಬೆಲೆ ಗೊತ್ತಿತ್ತು. ಅದಕ್ಕೇ ಕಸಿದರು. ಕಳಕೊಂಡವರ ಮಕ್ಕಳಿಗೆ ಆ ಬೆಲೆ ಇನ್ನೂ ಗೊತ್ತಾಗಿಲ್ಲ. ಗೊತ್ತು ಮಾಡುವುದು ನಿಮ್ಮ ಕೆಲಸ.

ಇನ್ನು ಪರಿಚಯದ ಮಾತು. ಮಾಸ್ತರು ತಮ್ಮ ಪರಿಚಯ ಮುಗಿಸಿ "ಈಗ ನೀವು ಹೇಳ್ರಿ" ಅಂತಾರೆ. ಹೆಸರು? ಅಡ್ಡಹೆಸರು? ತಂದಿ ಹೆಸರು? ತಂದಿ ಉದ್ಯೋಗ? ನಾಲ್ಕು ಪ್ರಶ್ನೆ. ಕೇಳುವವರಿಗೆ ಹಾಜರಿ ಪುಸ್ತಕದ ಕೆಲಸ. ಹೇಳುವವನಿಗೆ ಅದು ಕೋರ್ಟಿನ ಕಟಕಟೆ. ನಮ್ಮ ಜಿಲ್ಲೆಯಲ್ಲಿ ಅಡ್ಡಹೆಸರು ಅಂದರೆ ಜಾತಿಯ ಬೋರ್ಡು. ಮಾದರ, ಹರಿಜನ, ಚಲವಾದಿ, ಕಾಂಬಳೆ. ಹುಡುಗ ಬಾಯಿ ಬಿಡುವುದೇ ತಡ, ಉಳಿದ ನಲವತ್ತು ತಲೆ ಹೊರಳುತ್ತವೆ. ಮರುದಿನ ಯಾರು ಎಲ್ಲಿ ಕೂಡಬೇಕು ಅನ್ನುವುದು ತಾನೇ ನಿಶ್ಚಯವಾಗುತ್ತದೆ. ಮಾಸ್ತರರು ಯಾರನ್ನೂ ಬೇರೆ ಕೂಡಿಸಬೇಕಾಗಿಲ್ಲ.

ಸವದತ್ತಿಯ ಮಾತು ಇನ್ನೂ ಕಠಿಣ. ಎಲ್ಲಮ್ಮನ ಗುಡ್ಡದ ಸುತ್ತಿನ ಹಳ್ಳಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳಿದ್ದಾರೆ. ಮುಂಬಯಿ ಸರಕಾರ 1934ರಲ್ಲಿ ಕಾಯ್ದೆ ಮಾಡಿತು, ಕರ್ನಾಟಕ ಸರಕಾರ 1982ರಲ್ಲಿ ಮಾಡಿತು. ಎರಡು ಕಾಯ್ದೆ ಆದವು. ಆದರೂ "ನಿಮ್ಮಪ್ಪನ ಹೆಸರೇನವಾ?" ಎಂದು ತುಂಬಿದ ಕ್ಲಾಸಿನಲ್ಲಿ ಕೇಳಿದಾಗ ಆ ಹುಡುಗಿ ಯಾವ ಹೆಸರು ಹೇಳಬೇಕು? ದೇವರಿಗೆ ಬಿಟ್ಟವರು ಊರಿನ ದೊಡ್ಡವರು. ಅನುಭವಿಸಿದವರೂ ದೊಡ್ಡವರು. ತಲೆ ತಗ್ಗಿಸಿ ನಿಲ್ಲಬೇಕಾದದ್ದು ಮಾತ್ರ ಹದಿಮೂರು ವರ್ಷದ ಕೂಸು. ತಾಯಿಯ ಹೆಸರು ಸಾಲದೇನು? ಹೊತ್ತವಳು ಅವಳು, ಹೆತ್ತವಳು ಅವಳು, ಶಾಲೆಗೆ ಕಳಿಸಿದವಳೂ ಅವಳೇ.

ನಾನು ಕಲಿತ ಹೈಸ್ಕೂಲಿನ ಹೆಸರು ಇಲ್ಲಿ ಬೇಡ. ಅಲ್ಲಿ ವರ್ಷಕ್ಕೊಮ್ಮೆ ಸ್ಕಾಲರ್‌ಶಿಪ್ ಫಾರ್ಮು ಬಂದಾಗ ಪಾಠದ ನಡುವೆಯೇ ಕೂಗು ಬರುತ್ತಿತ್ತು: "ಎಸ್.ಸಿ. ಹುಡುಗರು ಎದ್ದು ನಿಲ್ರಿ." ಎದ್ದು ನಿಲ್ಲುತ್ತಿದ್ದೆವು. "ನಿಮಗೇನ್ರಪಾ, ಸರಕಾರದ ಅಳಿಯಂದಿರು" ಎಂದು ಹಿಂದಿನಿಂದ ಒಂದು ನಗೆ. ನಮ್ಮ ಹಕ್ಕಿನ ರೊಕ್ಕವನ್ನು ಭಿಕ್ಷೆಯಂತೆ ಕೊಡುವ ವಿದ್ಯೆ ಯಾವ ಬಿ.ಎಡ್. ಕಾಲೇಜಿನಲ್ಲಿ ಕಲಿಸುತ್ತಾರೋ! ಚೀಟಿಯಲ್ಲಿ ಹೆಸರು ಬರೆದು ಆಫೀಸಿಗೆ ಕರೆದರೆ ಏನು ಕಳಕೊಳ್ಳುತ್ತಿದ್ದರು?

ಈಗ ಒಂದೊಂದೇ ವಿಷಯ ತೆಗೆದುಕೊಳ್ಳೋಣ.

ಗಣಿತ. ಸರಳ ಬಡ್ಡಿಯ ಸೂತ್ರ ಬೋರ್ಡಿನ ಮೇಲೆ ಬರುತ್ತದೆ. ರಾಮ, ಶಾಮ, ಬ್ಯಾಂಕು, ವರ್ಷಕ್ಕೆ ನೂರಕ್ಕೆ ಎಂಟು. ನಮ್ಮ ಕೇರಿಯ ಬಡ್ಡಿ ತಿಂಗಳಿನ ಲೆಕ್ಕ ಸರ್. ನೂರಕ್ಕೆ ಐದು ಅಂತಾರೆ, ಕಿವಿಗೆ ಸಣ್ಣದಾಗಿ ಕೇಳುತ್ತದೆ. ಇಪ್ಪತ್ತು ಸಾವಿರ ತಂದರೆ ತಿಂಗಳಿಗೆ ಸಾವಿರ. ವರ್ಷಕ್ಕೆ ಹನ್ನೆರಡು ಸಾವಿರ. ಅಂದರೆ ನೂರಕ್ಕೆ ಅರವತ್ತು! ಇಪ್ಪತ್ತನೆಯ ತಿಂಗಳಿಗೆ ಬಡ್ಡಿಯೇ ಅಸಲಿನಷ್ಟು ಆಗಿರುತ್ತದೆ, ಅಸಲು ಕದಲಿರುವುದಿಲ್ಲ. ಈ ಲೆಕ್ಕವನ್ನು ಹುಡುಗಿ ಮನೆಗೆ ಹೋಗಿ ಅವ್ವನ ಮುಂದೆ ಬಿಡಿಸಿ ಹೇಳಿದರೆ ಆ ಮನೆಯಲ್ಲಿ ಗಣಿತದ ಮಹತ್ವವನ್ನು ಮತ್ತೆ ಯಾರೂ ಹೇಳಬೇಕಾಗಿಲ್ಲ.

ಹೊಲದ ಲೆಕ್ಕವೂ ಹಾಗೆಯೇ. ಮೂವತ್ಮೂರು ಫೂಟು ಉದ್ದ, ಮೂವತ್ಮೂರು ಫೂಟು ಅಗಲ ಒಂದು ಗುಂಟೆ. ನಲವತ್ತು ಗುಂಟೆ ಒಂದು ಎಕರೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದಾಗ, ಊರ ಚಾಕರಿಗೆಂದು ಕೊಟ್ಟ ವತನದ ಹೊಲವನ್ನು ಚಾಕರಿ ಮಾಡಿದವರ ಹೆಸರಿಗೆ ಮರುಮಂಜೂರು ಮಾಡಿಸಿಕೊಳ್ಳುವ ದಾರಿ ತೆರೆಯಿತು. ಆದರೆ ಉತಾರ ಓದುವವರು ಯಾರಿದ್ದರು? ಎಕರೆ ಎಲ್ಲಿ, ಗುಂಟೆ ಎಲ್ಲಿ, ಯಾವ ಕಾಗದಕ್ಕೆ ಹೆಬ್ಬಟ್ಟು ಒತ್ತುತ್ತಿದ್ದೇನೆ ಎಂದು ಗೊತ್ತಿಲ್ಲದೆ ಒತ್ತಿದ ಅಜ್ಜಂದಿರು ಎಷ್ಟು ಮಂದಿ! ಹೆಬ್ಬಟ್ಟಿನ ಮಸಿ ಒಣಗುವುದರೊಳಗೆ ಹೊಲ ಹೋಯಿತು. ಕಬ್ಬಿನ ಗ್ಯಾಂಗಿಗೆ ಹೋಗುವವರ ಮಕ್ಕಳಿಗೆ ಟನ್ನಿನ ಲೆಕ್ಕ, ಕಾಟಾದ ಚೀಟಿಯ ಲೆಕ್ಕ, ಮುಕಾದಮ ಕೊಟ್ಟ ಮುಂಗಡ ಮುರಿಯುವ ಲೆಕ್ಕ ಕಲಿಸಿರಿ. ಪ್ರಮೇಯ ಆಮೇಲೆ ತಾನೇ ಬರುತ್ತದೆ.

ವಿಜ್ಞಾನ. ತೊಗಲಿನಲ್ಲಿ ಪ್ರೋಟೀನು ಇರುತ್ತದೆ, ಟ್ಯಾನಿನ್ ಅದಕ್ಕೆ ಅಂಟಿಕೊಂಡರೆ ತೊಗಲು ಕೊಳೆಯುವುದಿಲ್ಲ ಎಂದು ರಸಾಯನಶಾಸ್ತ್ರ ಹೇಳುತ್ತದೆ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ತಂಗಡಿ ಚಕ್ಕೆಯ ರಸದಲ್ಲಿ ಹದ ಹಾಕಿದ ನಮ್ಮ ಮುತ್ತ್ಯಾ ಇದನ್ನು ಕೈಯಿಂದ ಬಲ್ಲವನಾಗಿದ್ದ. ಅವನ ಕೈ ಮುಟ್ಟಬಾರದು, ಅವನು ಹೊಲಿದ ಚಪ್ಪಲಿ ಮೆಟ್ಟಬಹುದು! ಇದು ಯಾವ ವಿಜ್ಞಾನ? ಅಂದ ಮಾತ್ರಕ್ಕೆ ಅವನ ಮೊಮ್ಮಗ ತೊಗಲಿನ ಗುಂಡಿಗೇ ಮರಳಲಿ ಎಂದು ನಾನು ಹೇಳುತ್ತಿಲ್ಲ. ಗುಂಡಿಯ ನಾತ ಹೊಗಳುವವರು ಗುಂಡಿಗೆ ಇಳಿಯದವರು. ಅವನು ಪ್ರಯೋಗಶಾಲೆಗೆ ಹೋಗಲಿ. ಆದರೆ ತನ್ನ ಅಜ್ಜ ಮೈಲಿಗೆಯವನಲ್ಲ, ಬಲ್ಲವ ಎಂದು ತಿಳಿದು ಹೋಗಲಿ.

ಇನ್ನೊಂದು ಪಾಠ ಪ್ರಾಣದ ಪಾಠ. ಗಟಾರದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಗಾಳಿ ಇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ತತ್ತಿಯ ನಾತ. ಬಹಳ ಆದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ಹೋಯಿತು, ಗಾಳಿ ಚೊಕ್ಕಾಯಿತು ಅಂದುಕೊಂಡು ಮನುಷ್ಯ ಇಳಿಯುತ್ತಾನೆ, ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಹೋದವನೂ ಬರುವುದಿಲ್ಲ. 2013ರ ಕಾಯ್ದೆ ಇಳಿಸಬಾರದು ಅನ್ನುತ್ತದೆ, ಇಳಿಸುವವರು ಇಳಿಸುತ್ತಾರೆ. ವಿಜ್ಞಾನದ ಅಕ್ಕೋರೆ, ಈ ಒಂದು ಪಾಠವನ್ನು ಕೇರಿಯ ಹುಡುಗರಿಗೆ ಎರಡು ಸಲ ಹೇಳಿರಿ. ನಿಮ್ಮ ವಿಷಯ ಒಂದು ಜೀವ ಉಳಿಸಿದರೆ ಅದಕ್ಕಿಂತ ದೊಡ್ಡ ಮಹತ್ವ ಯಾವುದು?

ಸಮಾಜ ವಿಜ್ಞಾನ. ಈ ಮಣ್ಣಿನಲ್ಲಿ ಇತಿಹಾಸಕ್ಕೆ ಬರಗಾಲ ಇಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ. 1829ರಲ್ಲಿ ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. 1939ರ ಏಪ್ರಿಲ್‌ನಲ್ಲಿ ರಾಮದುರ್ಗದ ಜನ ಸಂಸ್ಥಾನದ ಆಡಳಿತದ ವಿರುದ್ಧ ರೊಚ್ಚಿಗೆದ್ದು ಜೈಲಿಗೆ ನುಗ್ಗಿದರು. ಇವೆಲ್ಲ ಹೇಳಿರಿ, ಎದೆ ಉಬ್ಬಿಸಿ ಹೇಳಿರಿ. ಆದರೆ ರಾಯಣ್ಣ ಅರಮನೆಯವನಲ್ಲ, ಊರು ಕಾಯುವ ಶೇತಸನದಿ, ಚಾಕರಿಗೆ ಕೊಟ್ಟ ತುಂಡು ಹೊಲ ಉಣ್ಣುವವನು ಎಂಬುದನ್ನೂ ಹೇಳಿರಿ. ಕೋಟೆಯ ಕುದುರೆಗಳಿಗೆ ಜೀನು ಹೊಲಿದವರ ಕೇರಿಯೂ ಆ ಊರಿನಲ್ಲೇ ಇತ್ತು ಎಂದು ಹೇಳಿರಿ. ಅವರ ಹೆಸರು ಪುಸ್ತಕದಲ್ಲಿ ಇಲ್ಲದಿದ್ದರೆ ಯಾಕೆ ಇಲ್ಲ ಎಂದು ಮಕ್ಕಳನ್ನೇ ಕೇಳಿರಿ.

ರಾಯಣ್ಣ ಗಲ್ಲಿಗೇರಿದ ಜನವರಿ 26ರಂದೇ 1950ರಲ್ಲಿ ಸಂವಿಧಾನ ಜಾರಿಗೆ ಬಂತು. ಅದರ ಹದಿನೇಳನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಹದಿನೈದನೆಯ ವಿಧಿ ಬಾವಿ, ಕೆರೆ, ಹೋಟೆಲು ಎಲ್ಲರಿಗೂ ಎಂದಿತು. ಪರೀಕ್ಷೆಗೆ ಇದು ಎರಡು ಮಾರ್ಕಿನ ಪ್ರಶ್ನೆ. ನಮಗೆ ಅದು ಕುಡಿಯುವ ನೀರಿನ ಪ್ರಶ್ನೆ. ಬಾಬಾಸಾಹೇಬರು ಇದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ 1925ರಲ್ಲಿ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷರಾಗಿದ್ದರು. ನಮ್ಮ ಹೈಸ್ಕೂಲಿನ ಎಷ್ಟು ಮಕ್ಕಳಿಗೆ ಇದು ಗೊತ್ತಿದೆ?

ಕನ್ನಡ. ಕನ್ನಡದ ಸರ್ ಜ್ಞಾನಪೀಠ ಎಣಿಸುವ ಮೊದಲು ಕೇರಿಯ ಹುಡುಗನ ಬಾಯಿಯ ಕನ್ನಡವನ್ನು ಕನ್ನಡ ಎಂದು ಒಪ್ಪಬೇಕು. ಅವನು "ಹೊಂಟೀನ್ರಿ ಸರ್" ಅಂದರೆ ಕ್ಲಾಸು ನಗುತ್ತದೆ, ಸರ್ ಕೂಡ ನಗುತ್ತಾರೆ. ಅಂದಿನಿಂದ ಅವನು ಮಾತಾಡುವುದನ್ನೇ ಬಿಡುತ್ತಾನೆ. ಬರೆಯುವ ಕನ್ನಡ ಬೇರೆ, ಅದನ್ನೂ ಕಲಿಯಪ್ಪಾ ಎಂದು ಹೇಳುವುದು ಬೇರೆ. ನಿನ್ನ ಅವ್ವನ ಮಾತು ಹೊಲಸು ಎಂದು ತೋರಿಸುವುದು ಬೇರೆ. ವಚನ ಕಲಿಸುವಾಗ ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯನ ಹೆಸರು ಬರುತ್ತವೆ. ಕಿತ್ತೂರಿನಿಂದ ಬಹಳ ದೂರ ಇಲ್ಲದ ಕಕ್ಕೇರಿ ಆ ಕಕ್ಕಯ್ಯನ ಊರೆಂದು ನಮ್ಮ ಕಡೆಯ ಮಂದಿ ನಂಬಿದ್ದಾರೆ. ಅಲ್ಲಿಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿರಿ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದದ್ದಕ್ಕೆ ಗಲಾಟೆಯಾಗಿ ಮಂತ್ರಿಗಿರಿಯೇ ಹೋಯಿತು. ಆ ಸಿಟ್ಟಿನಲ್ಲಿ ಹುಟ್ಟಿದ ಬರಹ ಇವತ್ತು ಕನ್ನಡದ ಹೆಮ್ಮೆ. ಇದನ್ನೂ ಹೇಳದಿದ್ದರೆ ಕನ್ನಡದ ಪರಿಚಯ ಅರ್ಧವೇ ಆಯಿತು.

ಇಂಗ್ಲಿಷ್. ಲಂಡನ್ನಿಗೆ ಹೋಗಲಿಕ್ಕೆ ಅಲ್ಲ ಸರ್. ಧಾರವಾಡಕ್ಕೆ ಹೋಗಲಿಕ್ಕೆ ಇಂಗ್ಲಿಷ್ ಬೇಕಾಗಿದೆ. ಅಲ್ಲಿಯ ಹೈಕೋರ್ಟಿನ ಪೀಠದಿಂದ ನಮ್ಮ ಹೊಲದ ಮೇಲೆ, ನಮ್ಮ ಮೇಲಿನ ದೌರ್ಜನ್ಯದ ಕೇಸಿನ ಮೇಲೆ ತೀರ್ಪು ಬರುವುದು ಇಂಗ್ಲಿಷಿನಲ್ಲಿ. ಗೆದ್ದೆವೋ ಸೋತೆವೋ ಎಂದು ವಕೀಲರ ಮುಖ ನೋಡಿ ತಿಳಕೊಳ್ಳುವ ಜನ ನಾವು. ಬಾಬಾಸಾಹೇಬರ ದೊಡ್ಡ ಗ್ರಂಥಗಳು ಇಂಗ್ಲಿಷಿನಲ್ಲಿವೆ. ಇದನ್ನು ಮೊದಲ ದಿನ ಹೇಳಿದರೆ ಇಂಗ್ಲಿಷ್ ಅಂದರೆ ಹೆದರಿ ಓಡುವ ಹುಡುಗಿ ಹಲ್ಲು ಕಚ್ಚಿ ಕೂಡುತ್ತಾಳೆ. ಹಿಂದಿಯೂ ಅಷ್ಟೇ. ಗೋವಾಕ್ಕೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದ ಅಣ್ಣ ಕೂಲಿ ಕೇಳಬೇಕಾದದ್ದು ಹಿಂದಿಯಲ್ಲಿ.

ಪಿ.ಟಿ. ಸರ್ ಅವರಿಗೆ ಒಂದೇ ಮಾತು. ಕಬಡ್ಡಿಯಲ್ಲಿ ಮುಟ್ಟಿದರೆ ಔಟು. ಊರಿನಲ್ಲಿ ಮುಟ್ಟಿದರೆ ಮೈಲಿಗೆ. ನಿಮ್ಮ ಮೈದಾನದಲ್ಲಿ ಮಾತ್ರ ನಮ್ಮ ಹುಡುಗ ಯಾರನ್ನಾದರೂ ಓಡಿ ಹೋಗಿ ಹಿಡಿಯಬಹುದು. ಆ ಮೈದಾನವನ್ನು ಕಾಯಿರಿ.

ಮಾಸ್ತರರ ಉತ್ತರ ನನಗೆ ಗೊತ್ತು. "ನಿಮಗ ಹೇಳಾಕ ಸಸಾರ. 625 ಮಾರ್ಕಿನ ಪರೀಕ್ಷೆ ಐತಿ. ಸಿಲೆಬಸ್ ಮುಗಿಸಬೇಕು. ರಿಸಲ್ಟ್ ಬೀಳತಂದ್ರ ನೋಟೀಸು ಬರೂದು ನಮಗ. ಬಿಸಿಯೂಟ ನಾವು, ಎಲೆಕ್ಷನ್ ನಾವು, ಗಣತಿ ನಾವು." ಇದರಲ್ಲಿ ಸುಳ್ಳಿಲ್ಲ. ಆ ಹೊರೆಯನ್ನು ಇಳಿಸಬೇಕೆಂದು ಮಾಸ್ತರರು ಬೀದಿಗೆ ಬಂದರೆ ನಾವೂ ಅವರ ಕೂಡ ಕೂಗುತ್ತೇವೆ. ಆದರೆ ನಾನು ಕೇಳುತ್ತಿರುವುದು ಸಿಲೆಬಸ್ಸಿನ ಹೊರಗಿನದಲ್ಲ. ಬಡ್ಡಿ ಸಿಲೆಬಸ್ಸಿನಲ್ಲಿದೆ. ಸಂವಿಧಾನ ಸಿಲೆಬಸ್ಸಿನಲ್ಲಿದೆ. ಉದಾಹರಣೆ ಮಾತ್ರ ನಮ್ಮ ಓಣಿಯದು ಇರಲಿ ಎಂದಷ್ಟೇ ಕೇಳುತ್ತಿದ್ದೇನೆ. ಗಣತಿಯ ಮಾತಿಗೆ ಬಂದರೆ, 2025ರ ಮೇ ತಿಂಗಳಲ್ಲಿ ನಾಗಮೋಹನದಾಸ್ ಆಯೋಗದ ಪರಿಶಿಷ್ಟ ಜಾತಿ ಸಮೀಕ್ಷೆಗೆ ಕೇರಿ ಕೇರಿ ತಿರುಗಿದವರು ಮಾಸ್ತರರೇ. ನಮ್ಮ ಜಾತಿ ಬರೆದುಕೊಳ್ಳಲಿಕ್ಕೆ ನಮ್ಮ ಬಾಗಿಲಿಗೆ ಬಂದಿರಿ. ನಮ್ಮ ಮಕ್ಕಳ ಪರಿಚಯ ಮಾಡಿಕೊಳ್ಳಲಿಕ್ಕೆ ಇನ್ನೊಮ್ಮೆ ಬರಲಾಗದೇ? ಬಂದರೆ ಒಂದು ವಾಟಗಾ ಚಾ ಕುಡಿದು ಹೋಗಿರಿ. ಆ ಒಂದು ಚಾ ಹತ್ತು ಪಾಠಕ್ಕೆ ಸಮ.

ಹಾಗೆ ಬಂದ ಗುರುಗಳು ಇಲ್ಲವೆಂದಲ್ಲ. ಮುಂಬಯಿಯಲ್ಲಿ ಕೆಳೂಸ್ಕರ್ ಎಂಬ ಮಾಸ್ತರರು ಹುಡುಗ ಭೀಮರಾಯನ ಓದಿನ ಹಸಿವನ್ನು ಕಂಡು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಅವನ ಕೈಗೆ ಇಟ್ಟರು. ಒಂದು ಪುಸ್ತಕ. ಅದು ಎಲ್ಲಿಗೆ ಮುಟ್ಟಿತು ಎಂದು 1956ರಲ್ಲಿ ನಾಗಪುರದಲ್ಲಿ ಜಗತ್ತು ನೋಡಿತು. ನಮ್ಮ ತಾಲೂಕುಗಳಲ್ಲೂ ಕೇರಿಯ ಹುಡುಗನ ಪರೀಕ್ಷೆ ಫೀ ತಾವೇ ತುಂಬಿದ ಮಾಸ್ತರರಿದ್ದಾರೆ. ಅವರನ್ನು ನಮ್ಮ ಮಂದಿ ಸಾಯುವತನಕ ನೆನೆಯುತ್ತಾರೆ. ಅವರ ಸಂಖ್ಯೆ ಹೆಚ್ಚಲಿ ಎಂದೇ ಈ ಜಗಳ.

ಇನ್ನು ನಮ್ಮವರಿಗೆ. ಎಲ್ಲಾ ಮಾಸ್ತರರ ಮೇಲೆ ಹಾಕಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ವರ್ಷಕ್ಕೆ, ಎಂಟನೆಯ ಇಯತ್ತೆಗೆ ನಿಲ್ಲುತ್ತದೆ. ಒಂಬತ್ತನೆಯ ಇಯತ್ತೆಯಲ್ಲಿ ಕಾಯ್ದೆ ಕೈ ಬಿಟ್ಟಿತು, ಕಬ್ಬಿನ ಗ್ಯಾಂಗು ಕೈ ಹಿಡಿಯಿತು. ಮಗಳಾದರೆ ಮದುವೆ ಕೈ ಹಿಡಿಯಿತು. ಅಪ್ಪಾ, ಅವ್ವಾ, ಈ ಎರಡು ವರ್ಷ ತಡೆಯಿರಿ. ಶಾಲೆಯ ಪಾಲಕರ ಸಭೆಗೆ ಹೋಗಿರಿ, ಗೋಡೆಗೆ ಆತು ನಿಲ್ಲಬೇಡಿರಿ, ಕುರ್ಚಿಯ ಮೇಲೆ ಕೂಡಿರಿ. "ನಮಗೇನ ತಿಳಿತೈತ್ರಿ, ನೀವs ನೋಡ್ರಿ" ಅನ್ನಬೇಡಿರಿ. ನಮ್ಮ ಹುಡುಗ ಎಲ್ಲಿ ಕೂಡತಾನ್ರಿ ಎಂದು ಕೇಳಿರಿ. ಬಿ.ಎ. ಮಾಡಿದ ನನ್ನಂಥವರೆ, ನೌಕರಿ ಹತ್ತಿತೆಂದು ಅಡ್ಡಹೆಸರು ಬದಲಿಸಿ ಬೆಳಗಾವಿಯಲ್ಲಿ ಮನೆ ಹಿಡಿದು ಕೂಡುವ ಗೆಳೆಯರೆ, ಸಂಜೆ ಒಂದು ತಾಸು ಕೇರಿಯ ಸಮುದಾಯ ಭವನದಲ್ಲಿ ದೀಪ ಹಚ್ಚಿರಿ. ಗಣಿತ ಬಂದವರು ಗಣಿತ, ಇಂಗ್ಲಿಷ್ ಬಂದವರು ಇಂಗ್ಲಿಷ್.

ನಾಲ್ಕೂ ತಾಲೂಕಿನ ಮಾಸ್ತರರಿಗೆ ನಮ್ಮ ಬೇಡಿಕೆ ಮೂರೇ:

ಒಂದು, ಮೊದಲ ದಿನ ಮಕ್ಕಳ ಹೆಸರು ಕೇಳಿರಿ, ಅಡ್ಡಹೆಸರು, ತಂದೆಯ ಹೆಸರು, ಉದ್ಯೋಗ ಎಲ್ಲರೆದುರು ಕೇಳಬೇಡಿರಿ. ರಜಿಸ್ಟರಿಗೆ ಬೇಕಾದದ್ದು ಆಫೀಸಿನಲ್ಲಿ ಆಗಲಿ. ಸ್ಕಾಲರ್‌ಶಿಪ್ಪಿನ ಕೆಲಸವೂ ಅಲ್ಲಿಯೇ ಆಗಲಿ.

ಎರಡು, ನಿಮ್ಮ ವಿಷಯದ ಮಹತ್ವ ಹೇಳುವಾಗ, ಕೇರಿಯ ಮನೆಯಲ್ಲಿ ಅಂದೇ ಸಂಜೆ ಉಪಯೋಗಕ್ಕೆ ಬರುವ ಒಂದು ಸಂಗತಿ ಹೇಳಿರಿ.

ಮೂರು, ಧಾರವಾಡದ ಆ ಹುಡುಗನ ಕತೆಯನ್ನು ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಎಲ್ಲ ಮಕ್ಕಳಿಗೆ ಹೇಳಿರಿ. ಮೇಲಿನ ಓಣಿಯ ಮಕ್ಕಳಿಗೂ ಹೇಳಿರಿ. ತಮ್ಮ ಪಕ್ಕದಲ್ಲಿ ಕುಳಿತವನು ಎಷ್ಟು ವರ್ಷ ನಡೆದು ಈ ಬೆಂಚಿಗೆ ಬಂದಿದ್ದಾನೆ ಎಂದು ಅವರಿಗೂ ತಿಳಿಯಲಿ.

ಕೇರಿಯ ತಮ್ಮಂದಿರೆ, ತಂಗಿಯರೆ, ನಿಮಗೂ ಒಂದು ಮಾತು. ನಾಳೆ ಯಾರಾದರೂ ತಮ್ಮ ವಿಷಯದ ಮಹತ್ವ ಹೇಳಿ "ಏನಾರ ಕೇಳೂದೈತೇನು?" ಎಂದಾಗ ನೆಲ ನೋಡಬೇಡಿರಿ. ಎದ್ದು ನಿಲ್ಲಿರಿ. ಈ ಸಲ ಯಾರೂ ಎಬ್ಬಿಸಿ ನಿಲ್ಲಿಸಿದ್ದಲ್ಲ, ನೀವೇ ನಿಂತದ್ದು. ನಿಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಕೇಳಿರಿ.

ಜೈ ಭೀಮ್.